117ನೇ ಪುಟದಲ್ಲಿ ಒಂದು ಹೆಸರು

ಆ ಪುಟದಲ್ಲಿ ಅಕ್ಷರದೋಷ ಒಂದೂ ಇರಲಿಲ್ಲ. ಒತ್ತಕ್ಷರ, ಅರ್ಕಾವತ್ತು, ಅಲ್ಪಪ್ರಾಣ, ಮಹಾಪ್ರಾಣ ಎಲ್ಲವೂ ಸರಿಯಾಗಿದ್ದವು. ಇನಿಷಿಯಲ್‌ಗಳ ಮುಂದಿನ ಚುಕ್ಕೆ ಕೂಡ ತಪ್ಪಿರಲಿಲ್ಲ. ತಪ್ಪಿದ್ದದ್ದು ಒಂದೇ: ಬದುಕಿರುವ ಹಿರಿಯರ ಹೆಸರು ‘ನಮ್ಮನ್ನು ಅಗಲಿದವರು’ ಎಂಬ ತಲೆಬರಹದ ಕೆಳಗೆ ಬಂದು ಕೂತಿತ್ತು. ಆ ಪುಟದ ಅಂಚಿನಲ್ಲಿ ‘ನೋಡಿದೆ, ಸರಿಯಿದೆ’ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿದವಳು ನಾನು.

ಬ್ರಹ್ಮಾವರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದು ನನಗೆ ಮೂವತ್ತೊಂದು ವರ್ಷವಾಯಿತು. ಹಗಲು ಫೋರ್ಟಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ರಾತ್ರಿ ಮತ್ತು ರಜಾ ದಿನಗಳಲ್ಲಿ ಕನ್ನಡದ ಪ್ರೂಫ್ ನೋಡುವುದು. ಮುಂಬಯಿಯಲ್ಲಿ ಈ ಕೆಲಸಕ್ಕೆ ಬರವಿಲ್ಲ. ಇಲ್ಲಿನ ಕನ್ನಡಿಗರ ಸಂಘಗಳಿಗೆ ನೂರು ವರ್ಷ ಮೀರಿದ ಚರಿತ್ರೆ ಇದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮಾಟುಂಗದ ಮೈಸೂರು ಅಸೋಸಿಯೇಶನ್ 1926ರದ್ದು. ಆಮೇಲೆ ಊರಿಗೊಂದು, ಉಪನಗರಕ್ಕೊಂದು, ಜಾತಿಗೊಂದು ಸಂಘ ಹುಟ್ಟಿದವು. ಪ್ರತಿಯೊಂದಕ್ಕೂ ಬೆಳ್ಳಿಹಬ್ಬ, ಚಿನ್ನದ ಹಬ್ಬ ಬರುತ್ತದೆ. ಹಬ್ಬ ಬಂತೆಂದರೆ ಸ್ಮರಣ ಸಂಚಿಕೆ ಆಗಲೇಬೇಕು. ಅರ್ಧ ಜಾಹೀರಾತು, ಅರ್ಧ ಭಾಷಣ ಎಂದು ಜನ ಅವನ್ನು ಕಪಾಟಿನ ಮೇಲೆ ಎಸೆಯುವುದನ್ನು ಕಂಡಿದ್ದೇನೆ. ನನಗೆ ಹಾಗನಿಸುವುದಿಲ್ಲ. ಯಾವ ಹುಡುಗ ಯಾವ ವರ್ಷ ಮಂಗಳೂರಿನಿಂದ ಹಡಗು ಹತ್ತಿ ಬಂದ, ಯಾವ ಹೋಟೆಲಿನಲ್ಲಿ ಲೋಟ ತೊಳೆದ, ಯಾವ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿದ ಎಂಬುದು ಬೇರೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಎಷ್ಟೋ ಜನರ ಹೆಸರು ಇಡೀ ಜೀವಮಾನದಲ್ಲಿ ಅಚ್ಚಾಗುವುದು ಅದೊಂದೇ ಕಡೆ, ಅದೊಂದೇ ಸಲ.

ಇಷ್ಟು ಗೊತ್ತಿದ್ದೂ ನಾನು ಆ ತಪ್ಪು ಮಾಡಿದೆ.

ನನಗೆ ನನ್ನ ಏಕಾಗ್ರತೆಯ ಬಗ್ಗೆ ದೊಡ್ಡ ಅಭಿಮಾನವಿತ್ತು. ಪ್ರೂಫಿಗೆ ಕೂರುವ ಮೊದಲು ಫೋನನ್ನು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದೆ. ಕೋಣೆಯ ಬಾಗಿಲಿಗೆ ಚಿಲಕ ಹಾಕುತ್ತಿದ್ದೆ. ಮನಸ್ಸಿಗೆ ಬೇರೆ ಯೋಚನೆ ಬಂದರೆ ಹೆಬ್ಬೆರಳ ಉಗುರನ್ನು ತೋರುಬೆರಳಿಗೆ ಒತ್ತಿ, ‘ಈಗಲ್ಲ’ ಎಂದು ಗದರಿಸಿ ಅಟ್ಟುತ್ತಿದ್ದೆ. ಇದನ್ನೆಲ್ಲ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಠಾಣೆಯಲ್ಲಿ ಹತ್ತುತ್ತಿದ್ದ ಒಬ್ಬ ಹುಡುಗಿ ಸಿ.ಎ. ಪರೀಕ್ಷೆಗೆ ಓದುತ್ತಿದ್ದಳು. ಪುಸ್ತಕ ತೆರೆದರೆ ಸಾಕು, ತಂದೆಯ ಕಾಯಿಲೆ ನೆನಪಾಗುತ್ತದೆ ಆಂಟಿ ಎಂದಿದ್ದಳು. ‘ಯೋಚನೆ ಬಂತಾ, ಒದ್ದು ಹೊರಗೆ ಹಾಕು’ ಎಂದು ನಾನು ಬುದ್ಧಿ ಹೇಳಿದ್ದೆ. ಅವಳು ತಲೆಯಾಡಿಸಿ ಮತ್ತೆ ಪುಸ್ತಕಕ್ಕೆ ಮುಖ ಹಾಕಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಸಾಧ್ಯವಿದ್ದರೆ ಮೊದಲು ಅದನ್ನು ತೆಗೆದುಕೊಳ್ಳುತ್ತಿದ್ದೆ.

ಉಪನಗರದ ಒಂದು ಕನ್ನಡ ಸಂಘದ ಐವತ್ತನೇ ವರ್ಷದ ಸಂಚಿಕೆ. ಇನ್ನೂರ ನಲವತ್ತು ಪುಟ. ಮೊದಲ ಪ್ರೂಫ್, ಎರಡನೇ ಪ್ರೂಫ್ ಎರಡನ್ನೂ ನಾನೇ ನೋಡಿದ್ದೆ. ನುಡಿ ತಂತ್ರಾಂಶದಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ತರುವಾಗ ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಹಾರಿದ್ದವು. ಅವನ್ನೆಲ್ಲ ಹೆಕ್ಕಿ ಹೆಕ್ಕಿ ತಿದ್ದಿದ್ದೆ. 116ನೇ ಪುಟದಲ್ಲಿ ‘ಸನ್ಮಾನಿತ ಹಿರಿಯರು’, ಎದುರಿನ 117ರಲ್ಲಿ ‘ನಮ್ಮನ್ನು ಅಗಲಿದವರು’. ಎರಡನೇ ಪ್ರೂಫಿನಲ್ಲಿ ಎಲ್ಲ ಅದರದರ ಜಾಗದಲ್ಲಿತ್ತು. ಆಮೇಲೆ 116ರ ತಲೆಯಲ್ಲಿ ಒಂದು ಗುಂಪು ಫೋಟೋ ಸೇರಿಸಿದರು. ಫೋಟೋ ಕೂತಾಗ ಕೆಳಗಿನ ಸಾಲು ಮುಂದಿನ ಪುಟಕ್ಕೆ ಸರಿಯುವುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಫೈನಲ್ ಪ್ರೂಫ್ ನೋಡುವುದೇ ಇಂಥದಕ್ಕಾಗಿ. ಅಕ್ಷರ ನೋಡುವ ಕಾಲ ಅಲ್ಲಿಗೆ ಮುಗಿದಿರುತ್ತದೆ, ಯಾವುದು ಎಲ್ಲಿದೆ ಎಂದು ನೋಡಬೇಕು.

ಫೈನಲ್ ನನ್ನ ಕೈಗೆ ಬಂದದ್ದು ಜುಲೈ ತಿಂಗಳ ಒಂದು ಗುರುವಾರ. ಹೊರಗೆ ಜಡಿಮಳೆ. ಶುಕ್ರವಾರ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಅದಕ್ಕೆ ಮೂರು ದಿನ ಮೊದಲು ಊರಿನಿಂದ ತಂಗಿಯ ಮೆಸೇಜ್ ಬಂದಿತ್ತು: ‘ಅಕ್ಕಾ, ಸ್ವಲ್ಪ ಮಾತಾಡ್ಲಿಕ್ಕುಂಟು. ಪುರುಸೊತ್ತಾದಾಗ ಫೋನ್ ಮಾಡು.’ ನಾನು ಮಾಡಿರಲಿಲ್ಲ. ಕೆಲಸದ ಗಡಿಬಿಡಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವಳು ಏನು ಹೇಳುತ್ತಾಳೆಂದು ಗೊತ್ತಿದ್ದದ್ದೇ ನಿಜವಾದ ಕಾರಣ. ಅಮ್ಮ ಆಗ ಅವಳ ಹತ್ತಿರ ಇದ್ದರು. ಎಂಬತ್ತೆರಡು ವರ್ಷ, ಕಣ್ಣು ಮಂದ, ರಾತ್ರಿ ಎರಡೆರಡು ಸಲ ಎಬ್ಬಿಸುತ್ತಿದ್ದರು. ತಂಗಿಗೆ ಅಂಗನವಾಡಿಯ ಕೆಲಸ. ನಾನು ತಿಂಗಳಿಗೊಮ್ಮೆ ದುಡ್ಡು ಕಳಿಸುತ್ತಿದ್ದೆ, ವರ್ಷಕ್ಕೊಮ್ಮೆ ಹೋಗಿ ನಾಲ್ಕು ದಿನ ಇದ್ದು ಬರುತ್ತಿದ್ದೆ.

ಆ ರಾತ್ರಿ ಅಕ್ಕಿ ಡಬ್ಬದಲ್ಲಿ ಫೋನ್ ಇಟ್ಟು ಕೂತೆ. ಮೂವತ್ತು ನಲವತ್ತು ಪುಟ ಸುಸೂತ್ರವಾಗಿ ಹೋಯಿತು. ಆಮೇಲೆ ತಂಗಿಯ ಮಾತು ಬಂತು. ಉಗುರು ಒತ್ತಿದೆ. ಹೋಯಿತು, ಎರಡು ಪುಟಕ್ಕೆ ಮತ್ತೆ ಬಂತು. ಈ ಸಲ ಅವಳು ಆಡದ ಮಾತುಗಳನ್ನೂ ತಂದಿತ್ತು. ‘ನಿನಗೇನು, ದುಡ್ಡು ಹಾಕಿದರೆ ಆಯ್ತು’ ಎಂದು ಅವಳು ಅಂದಂತೆ, ‘ನಾನು ಇಲ್ಲಿ ಆರಾಮಾಗಿ ಕೂತಿದ್ದೇನಾ’ ಎಂದು ನಾನು ಅಂದಂತೆ, ಅದಕ್ಕೆ ಅವಳ ಉತ್ತರ, ಆ ಉತ್ತರಕ್ಕೆ ನನ್ನದೊಂದು. ಎಷ್ಟು ಅಟ್ಟಿದರೂ ಹಿಂದಿನ ಬಾಗಿಲಿನಿಂದ ಬರುತ್ತಿತ್ತು. ಬೆರಳ ಮೇಲೆ ಉಗುರಿನ ಗುರುತು ಕೆಂಪಾಗಿ ಸಾಲುಗಟ್ಟಿತ್ತು. ನೂರು ದಾಟುವ ಹೊತ್ತಿಗೆ ನನ್ನ ಕಣ್ಣು ಸಾಲಿನ ಮೇಲೆ ಓಡುತ್ತಿತ್ತು, ತುಟಿ ಹೆಸರುಗಳನ್ನು ಉಚ್ಚರಿಸುತ್ತಿತ್ತು, ನಾನು ಮಾತ್ರ ಊರಿನ ಮನೆಯ ಜಗಲಿಯಲ್ಲಿ ನಿಂತು ವಾದ ಮಾಡುತ್ತಿದ್ದೆ. 117ನೇ ಪುಟದಲ್ಲಿ ಒಂದು ‘ಶ್ರದ್ದಾಂಜಲಿ’ಯನ್ನು ‘ಶ್ರದ್ಧಾಂಜಲಿ’ ಮಾಡಿದ್ದು ನೆನಪಿದೆ. ಅದರ ಕೆಳಗಿನ ಮೊದಲ ಮೂರು ಹೆಸರು ಎದುರು ಪುಟದಿಂದ ಜಾರಿ ಬಂದವು ಎಂಬುದು ಹೊಳೆಯಲಿಲ್ಲ. ಆ ಮೂವರಲ್ಲಿ ಇಬ್ಬರು ಊರಿಗೆ ಹೋಗಿ ನೆಲೆಸಿದ್ದವರು, ಸಮಾರಂಭಕ್ಕೆ ಬರುವವರಿರಲಿಲ್ಲ. ಮೊದಲನೆಯ ಹೆಸರು ಮಾಸ್ತರರದ್ದು.

ಮಾಸ್ತರರೆಂದರೆ ಆ ಸಂಘದಲ್ಲಿ ಒಬ್ಬರೇ. ಇಪ್ಪತ್ತಾರು ವರ್ಷ ರಾತ್ರಿಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಕನ್ನಡ, ಗಣಿತ ಕಲಿಸಿದವರು. ಸಮಾರಂಭದ ದಿನ ಎರಡನೇ ಸಾಲಿನ ತುದಿಯಲ್ಲಿ ಬಿಳಿ ಅಂಗಿ ತೊಟ್ಟು ಕೂತಿದ್ದರು. ನಾನು ಅವರ ಹಿಂದಿನ ಸಾಲಿನಲ್ಲಿ, ಸ್ವಲ್ಪ ಓರೆಯಾಗಿ. ಸ್ವಯಂಸೇವಕರು ಸಂಚಿಕೆ ಹಂಚಿದರು. ಮಾಸ್ತರರು ಕನ್ನಡಕ ಒರೆಸಿಕೊಂಡು ಪುಟ ತಿರುವಿದರು. ಸನ್ಮಾನಿತರ ಪಟ್ಟಿ ಬಂದಾಗ ಬೆರಳು ಇಟ್ಟು ಒಂದೊಂದೇ ಹೆಸರು ಓದುತ್ತ ಕೆಳಗಿಳಿದರು. ಪುಟದ ಕೊನೆಗೆ ಬಂದು ಬೆರಳು ನಿಂತಿತು. ಮತ್ತೆ ಮೇಲಿನಿಂದ ಶುರುಮಾಡಿದರು. ಆಮೇಲೆ ಬೆರಳು ಎದುರಿನ ಪುಟಕ್ಕೆ ಹೋಯಿತು. ಮೊದಲ ಸಾಲಿನಲ್ಲೇ ನಿಂತಿತು. ತಲೆಬರಹಕ್ಕೆ ಏರಿ ಮತ್ತೆ ಹೆಸರಿಗೆ ಇಳಿಯಿತು.

ಅವರು ಯಾರ ಕಡೆಗೂ ನೋಡಲಿಲ್ಲ. ಪುಸ್ತಕ ಮುಚ್ಚಿ, ಬೋರಲಾಗಿ ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಅಂಗೈ ಇಟ್ಟು ಕೂತರು. ಸ್ವಲ್ಪ ಹೊತ್ತಿಗೆ ವೇದಿಕೆಯಿಂದ ಅವರ ಹೆಸರು ಕರೆದರು. ಎದ್ದು ಹೋದರು. ಶಾಲು ಹೊದೆಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅವರು ಕೈಮುಗಿದರು. ಆ ಹೊತ್ತಿಗೆ ಸಭಾಂಗಣದಲ್ಲಿ ಅಲ್ಲಲ್ಲಿ ತಲೆಗಳು ಒಂದಕ್ಕೊಂದು ಬಾಗಲು ಶುರುವಾಗಿತ್ತು.

ಕಾರ್ಯದರ್ಶಿ ನನ್ನ ಹತ್ತಿರ ಬಗ್ಗಿ, ‘ಅಕ್ಕಾ, 117 ನೋಡಿದ್ರಾ?’ ಎಂದರು. ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ‘ಫೋಟೋ ಸೇರಿಸಿದ ಮೇಲೆ ನನಗೆ ತೋರಿಸಲೇ ಇಲ್ಲ’ ಎಂದೆ. ತಪ್ಪು ಟೈಪ್‌ಸೆಟ್ಟಿಂಗ್ ಹುಡುಗನ ತಲೆಗೆ ಹೋಯಿತು. ಅವನು ಘಾಟ್ಕೋಪರಿನ ಒಂದು ಸಣ್ಣ ಮಳಿಗೆಯಲ್ಲಿ ಕೂತು ರಾತ್ರಿಯಿಡೀ ಕೆಲಸ ಮಾಡುವವ. ನನ್ನ ಸಹಿ ಇರುವ ಹಾಳೆ ಅವನ ಹತ್ತಿರವೇ ಇತ್ತು. ಅವನು ಅದನ್ನು ಯಾರಿಗೂ ತೋರಿಸಲಿಲ್ಲ, ಬೈಸಿಕೊಂಡು ಸುಮ್ಮನಿದ್ದ. ಮೂರನೇ ದಿನ ನಾನೇ ಕಾರ್ಯದರ್ಶಿಗೆ ಫೋನ್ ಮಾಡಿ ನಿಜ ಹೇಳಿದೆ. ಹುಡುಗನಿಗೂ ಮಾಡಿದೆ. ‘ಇರ್ಲಿ ಬಿಡಿ ಮೇಡಂ’ ಎಂದ. ಬೈದಿದ್ದರೆ ಹಗುರವಾಗುತ್ತಿತ್ತು.

ಹಂಚದೆ ಉಳಿದ ನಾಲ್ಕು ನೂರು ಚಿಲ್ಲರೆ ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಂಟಿಸುವ ಕೆಲಸ ನನಗೇ ಇರಲಿ ಎಂದು ಕೇಳಿಕೊಂಡೆ. ಎರಡು ಭಾನುವಾರ ಸಂಘದ ಕಚೇರಿಯಲ್ಲಿ ನೆಲದ ಮೇಲೆ ಕೂತು ಅಂಟಿಸಿದೆ. ಮೊದಲೇ ಮನೆಮನೆಗೆ ಹೋಗಿಬಿಟ್ಟ ಪ್ರತಿಗಳಿಗೆ ಏನೂ ಮಾಡುವಂತಿರಲಿಲ್ಲ.

ಇಷ್ಟಾದ ಮೇಲೂ ನಾನು ತಿಳಿದುಕೊಂಡದ್ದು ತಪ್ಪಾಗಿಯೇ. ನನ್ನ ಬಿಗಿ ಸಾಲಲಿಲ್ಲ, ಇನ್ನೂ ಬಿಗಿಯಾಗಬೇಕು ಎಂದುಕೊಂಡೆ. ಎಲ್ಲಿಯಾದರೂ ಪೂರ್ತಿ ನಿಶ್ಶಬ್ದವಿರುವ ಜಾಗದಲ್ಲಿ ಕೂತು ಮನಸ್ಸನ್ನು ಹದ್ದುಬಸ್ತಿಗೆ ತರಬೇಕು ಎಂದು ಒಂದು ಭಾನುವಾರ ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳಿಗೆ ಹೋದೆ. ಕರಿಬಂಡೆ ಕಡಿದು ಮಾಡಿದ ನೂರಕ್ಕೂ ಹೆಚ್ಚು ಗುಹೆಗಳು, ಸುಮಾರು ಎರಡು ಸಾವಿರ ವರ್ಷ ಹಿಂದೆ ಶುರುವಾದವು. ಬೌದ್ಧ ಭಿಕ್ಷುಗಳು ವಾಸವಿದ್ದ ಒಂದೊಂದು ಕೋಣೆಯಲ್ಲಿ ಒಂದು ಕಲ್ಲಿನ ಜಗಲಿ, ಹೊರಗೆ ನೀರಿನ ತೊಟ್ಟಿ, ಅಷ್ಟೆ. ಅಂಥ ಒಂದು ಜಗಲಿಯ ಮೇಲೆ ಕೂತೆ. ಫೋನಿಲ್ಲ, ಪ್ರೂಫಿಲ್ಲ. ಐದು ನಿಮಿಷವಾಗಲಿಲ್ಲ, ಮಾಸ್ತರರ ಬೆರಳು ಬಂತು, ತಂಗಿ ಬಂದಳು, ಅಡುಗೆಮನೆಯ ಸಿಂಕ್ ಸೋರುವುದು ಬಂತು.

ಜೊತೆಗೆ ಬಂದಿದ್ದ ಗೆಳತಿ ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಓದಿದವಳು. ಅವಳು ಹೇಳಿದ ಒಂದು ಸಂಗತಿ ಆಗ ಬರೀ ಕುತೂಹಲವಾಗಿ ಕೇಳಿತು. ಒಂಬತ್ತನೇ ಶತಮಾನದಲ್ಲಿ ಈ ಸೀಮೆ ರಾಷ್ಟ್ರಕೂಟರ ಕೆಳಗಿತ್ತಂತೆ. ‘ಕವಿರಾಜಮಾರ್ಗ’ದ ಕಾಲದ ನಮ್ಮ ಅಮೋಘವರ್ಷನ ಹೆಸರು ಹೊತ್ತ ಶಾಸನಗಳು ಕಾನ್ಹೇರಿಯಲ್ಲಿವೆ. ಅವನ ಸಾಮಂತರಾದ ಶಿಲಾಹಾರರ ಕಾಲದ ಒಂದು ದತ್ತಿ ಶಾಸನದಲ್ಲಿ ವಿಹಾರದ ದುರಸ್ತಿಗೆ ಇಷ್ಟು, ಭಿಕ್ಷುಗಳ ವಸ್ತ್ರಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು ಎಂದು ದ್ರಮ್ಮಗಳ ಲೆಕ್ಕವನ್ನೇ ಕೆತ್ತಿದ್ದಾರೆ. ಹಳೆಯ ದಾನಿಗಳಲ್ಲಿ ಕಲ್ಯಾಣದವರೂ ಇದ್ದಾರೆ, ನಮ್ಮ ಡೊಂಬಿವಲಿಯ ಪಕ್ಕದ ಕಲ್ಯಾಣ. ಧ್ಯಾನಕ್ಕೆ ಕೂರುವವನ ಸೂರು ಸೋರಿದರೆ ಯಾರು ನೋಡುತ್ತಾರೆ, ಬಟ್ಟೆ ಹರಿದರೆ ಎಲ್ಲಿಂದ ಬರುತ್ತದೆ ಎಂಬುದನ್ನು ಯಾರೋ ಮೊದಲೇ ಯೋಚಿಸಿ, ದುಡ್ಡಿಟ್ಟು, ಬಂಡೆಯ ಮೇಲೆ ಬರೆದಿಟ್ಟಿದ್ದರು. ಏಕಾಗ್ರತೆಗೆ ಕಲ್ಲುಗೋಡೆ ಸಾಕು ಎಂದು ಅಲ್ಲಿಗೆ ಹೋದವಳು ನಾನು. ಈ ಲೆಕ್ಕದ ಅರ್ಥ ನನಗೆ ತಿಂಗಳುಗಳ ನಂತರ ಆಯಿತು.

ಮಗಳು ಆಗ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದಳು. ನನ್ನ ಬೆರಳಿನ ಉಗುರುಗುರುತು ನೋಡಿ ಅವಳೇ ಒಂದು ದಿನ ಕೂರಿಸಿಕೊಂಡು ಹೇಳಿದಳು. ಅಮೆರಿಕದ ಡೇನಿಯಲ್ ವೆಗ್ನರ್ 1987ರಲ್ಲಿ ಒಂದು ಪ್ರಯೋಗ ಮಾಡಿದರಂತೆ. ವಿದ್ಯಾರ್ಥಿಗಳಿಗೆ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಒತ್ತಿ ಎಂದರು. ಗಂಟೆ ಮೊಳಗುತ್ತಲೇ ಇತ್ತು. ಆಮೇಲೆ ‘ಈಗ ಬೇಕಾದರೆ ನೆನೆಯಿರಿ’ ಎಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೆ ಕರಡಿ ಹೆಚ್ಚು ಸಲ ಬಂತು. ‘ಅಮ್ಮಾ, ನೀನು ಉಗುರು ಒತ್ತುವುದು ಆ ಗಂಟೆಯ ಹಾಗೆಯೇ’ ಎಂದಳು.

ಇನ್ನೊಂದು ಸಂಗತಿ ನನಗೆ ಹೆಚ್ಚು ಹತ್ತಿರವಾಯಿತು. ಬರ್ಲಿನಿನಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಹೆಣ್ಣುಮಗಳು 1927ರಲ್ಲಿ ಪ್ರಕಟಿಸಿದ ಸಂಶೋಧನೆ: ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಹೆಚ್ಚು ನೆನಪಿನಲ್ಲಿರುತ್ತದೆ. ಹೋಟೆಲ್ ಮಾಣಿಗಳನ್ನು ನೋಡಿ ಈ ಯೋಚನೆ ಹುಟ್ಟಿತು ಎಂದು ಹೇಳುತ್ತಾರೆ. ಬಿಲ್ ಆಗುವವರೆಗೆ ಯಾವ ಟೇಬಲಿಗೆ ಏನು ಎಂಬುದು ಅವರ ಬಾಯಲ್ಲೇ ಇರುತ್ತದೆ, ಬಿಲ್ ಆದ ಕ್ಷಣ ಮರೆತುಹೋಗುತ್ತದೆ. ನಮ್ಮ ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ಒಂದು ಸಾಲೂ ಬರೆದುಕೊಳ್ಳದೆ ಹತ್ತು ಜನರ ಇಡ್ಲಿ, ವಡೆ, ಮಸಾಲೆ ದೋಸೆಯ ಆರ್ಡರ್ ಒಪ್ಪಿಸುವ ಹುಡುಗರು ಕಣ್ಣ ಮುಂದೆ ಬಂದರು. ಹಾಗಾದರೆ ಕೆಲಸ ಮುಗಿಯುವವರೆಗೂ ಈ ಕಾಟ ತಪ್ಪದೇ ಎಂದು ಕೇಳಿದೆ. ಅದಕ್ಕೂ ಉತ್ತರವಿತ್ತು. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬಿಬ್ಬರು, ಮಾಡದೆ ಉಳಿದ ಕೆಲಸ ತಲೆಯಲ್ಲಿ ಇಟ್ಟುಕೊಂಡವರಿಗೆ ಪತ್ತೇದಾರಿ ಕಾದಂಬರಿಯ ಕೆಲವು ಪುಟ ಓದಲು ಕೊಟ್ಟರು. ಅವರ ಮನಸ್ಸು ಓದಿನಿಂದ ಪದೇ ಪದೇ ತಪ್ಪಿಹೋಯಿತು. ಆ ಕೆಲಸವನ್ನು ಯಾವಾಗ, ಹೇಗೆ ಮಾಡುತ್ತೇನೆ ಎಂದು ಮೊದಲೇ ಬರೆದಿಟ್ಟವರ ಮನಸ್ಸು ಅಷ್ಟು ತಪ್ಪಲಿಲ್ಲ. ಕೆಲಸ ಆಗಿರಲಿಲ್ಲ, ಅದಕ್ಕೊಂದು ಹೊತ್ತು ಗೊತ್ತಾಗಿತ್ತು, ಅಷ್ಟೆ.

ಮರುದಿನವೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಪ್ರೂಫಿನ ಪಕ್ಕದಲ್ಲಿ ಅದು ತೆರೆದಿರುತ್ತಿತ್ತು. ಯೋಚನೆ ಬಂದರೆ ಬೈಯುವುದಿಲ್ಲ, ಒಂದು ಸಾಲಿನಲ್ಲಿ ಬರೆದು ಮತ್ತೆ ಪುಟಕ್ಕೆ ಮರಳುವುದು. ‘ಗ್ಯಾಸ್ ಬುಕ್ ಮಾಡು.’ ‘ಸಿಂಕ್, ಪ್ಲಂಬರ್.’ ‘ತಂಗಿಗೆ ಫೋನ್.’ ಮೊದಲ ಎರಡು ಮೂರು ವಾರ ಪವಾಡದಂತಿತ್ತು. ಮನಸ್ಸು ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗುತ್ತಿತ್ತು. ನಾಲ್ಕನೇ ವಾರ ಮತ್ತೆ ಹಳೇ ಕಥೆ. ಬರೆದರೂ ಹೋಗುವುದಿಲ್ಲ, ಬರೆದದ್ದೇ ಮತ್ತೆ ಬರುತ್ತದೆ. ಒಂದು ರಾತ್ರಿ ಸಿಟ್ಟಿನಿಂದ ನೋಟ್‌ಬುಕ್ಕನ್ನು ಮೊದಲಿನಿಂದ ತಿರುವಿ ನೋಡಿದೆ. ಒಂದು ಸಾಲಿಗೂ ಗೀಟು ಬಿದ್ದಿರಲಿಲ್ಲ. ಬರೆದದ್ದನ್ನು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ‘ತಂಗಿಗೆ ಫೋನ್’ ಎಂಬುದು ಒಂಬತ್ತು ಕಡೆ ಇತ್ತು. ಎಲ್ಲೂ ಹೊತ್ತು ಬರೆದಿರಲಿಲ್ಲ. ಮಗಳು ಹೇಳಿದ ‘ಯಾವಾಗ, ಹೇಗೆ’ಯನ್ನು ಅನುಕೂಲಕ್ಕೆ ಬಿಟ್ಟುಬಿಟ್ಟಿದ್ದೆ. ಮಳೆಗಾಲ ಮುಗಿದಿತ್ತು, ನವರಾತ್ರಿ ಕಳೆದಿತ್ತು. ಮಧ್ಯೆ ಎರಡು ಸಲ ‘ಕೆಲಸ ಜಾಸ್ತಿ, ಮಾಡ್ತೇನೆ’ ಎಂದು ಮೆಸೇಜ್ ಹಾಕಿದ್ದೆ. ಅವಳು ಮತ್ತೆ ಕೇಳಿರಲಿಲ್ಲ.

ಮಾಸ್ತರರ ಮನೆಗೂ ಅಲ್ಲಿಯವರೆಗೆ ಹೋಗಿರಲಿಲ್ಲ. ಕ್ಷಮೆ ಕೇಳಿ ಒಂದು ಕಾಗದ ಕಳಿಸಿ ಕೈತೊಳೆದುಕೊಂಡಿದ್ದೆ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಮನಸ್ಸು ಗಟ್ಟಿ ಮಾಡಿಕೊಂಡು ಭಾಂಡುಪಿಗೆ ಹೋದೆ. ಚಾಳಿನ ಮೊದಲ ಮಹಡಿ. ‘ಬನ್ನಿ ಅಮ್ಮ, ಕೂತ್ಕೊಳ್ಳಿ’ ಎಂದು ಸೊಸೆಯ ಹತ್ತಿರ ಪುನರ್ಪುಳಿ ಶರಬತ್ತು ಮಾಡಿಸಿದರು. ನಾನು ಕಾಲು ಮುಟ್ಟಿ, ತಪ್ಪಾಯಿತು ಎಂದೆ. ‘ನನಗೆ ಆ ದಿನ ಬೇಸರವಾಯ್ತು, ಸುಳ್ಳು ಯಾಕೆ ಹೇಳಲಿ’ ಎಂದರು. ‘ಮನೆಗೆ ಬಂದು ಊಟ ಮಾಡ್ಲಿಲ್ಲ. ಇಷ್ಟು ವರ್ಷ ಇದ್ದವ ಇದ್ದೇನೆ ಅಂತ ನೋಡಿ ಹೇಳುವವರು ಯಾರೂ ಇಲ್ಲವಾ ಅಂತ ಅನಿಸ್ತು.’ ಅವರ ಪ್ರತಿಗೆ ಚೀಟಿ ಅಂಟಿಸಲೆಂದು ನಾನು ಒಂದನ್ನು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಅದನ್ನು ತೆಗೆಯುವ ಧೈರ್ಯವಾಗಲಿಲ್ಲ.

ಮಾತು ಬದಲಿಸಲು ರಾತ್ರಿಶಾಲೆಯ ಬಗ್ಗೆ ಕೇಳಿದೆ. ದಿನವಿಡೀ ದುಡಿದು ಬಂದ ಹುಡುಗರು ಪಾಠ ಹೇಗೆ ಕೇಳುತ್ತಿದ್ದರು ಎಂದು. ಅವರ ದನಿಯೇ ಬೇರೆಯಾಯಿತು.

‘ಕೇಳ್ತಾ ಇರ್ಲಿಲ್ಲ. ಸೋಡಾ ನೀರಲ್ಲಿ ಲೋಟ ತೊಳೆದು ತೊಳೆದು ಬೆರಳು ಬೆಂಡಾಗಿರ್ತಿತ್ತು. ಕಣ್ಣು ಬೋರ್ಡಿನ ಮೇಲೆ, ಜೀವ ಇನ್ನೆಲ್ಲೋ. ನಾನೂ ಮೊದಲು ಹೊಡೀತಿದ್ದೆ, ಮಾಸ್ತರ ಅಲ್ವಾ. ಒಬ್ಬ ಇದ್ದ, ಹನ್ನೆರಡು ಹದಿಮೂರು ವರ್ಷದವ. ಯಾವಾಗ ನೋಡಿದರೂ ಚಡ್ಡಿ ಕಿಸೆ ಮುಟ್ಟಿ ನೋಡಿಕೊಳ್ತಿದ್ದ. ತೆಗಿ ಅಂದೆ. ಊರಿನಿಂದ ಬಂದ ಇನ್‌ಲ್ಯಾಂಡ್ ಲೆಟರ್. ನಾಲ್ಕು ದಿನದಿಂದ ಒಡೆದೇ ಇಲ್ಲ. ಓದ್ಲಿಕ್ಕೆ ಬರುವುದಿಲ್ಲ, ಯಾರ ಹತ್ತಿರ ಓದಿಸಲಿಕ್ಕೂ ನಾಚಿಕೆ. ಅಪ್ಪನಿಗೆ ಏನೋ ಆಗಿದೆ ಅಂತ ಅವನೇ ತಲೆಯಲ್ಲಿ ಮಾಡಿಕೊಂಡಿದ್ದ. ಒಡೆದು ಓದಿದೆ. ದನ ಕರು ಹಾಕಿದೆ ಅಂತ ಬರೆದಿದ್ದರು.’

ಅಂದಿನಿಂದ ಅವರು ಮೊದಲ ಕಾಲು ಗಂಟೆ ಪಾಠ ಮಾಡಲಿಲ್ಲವಂತೆ. ಬಂದ ಕಾಗದ ಓದಿ ಹೇಳುವುದು, ಹೋಗುವ ಕಾಗದ ಬರೆದುಕೊಡುವುದು, ಮನಿಯಾರ್ಡರ್ ಫಾರ್ಮ್ ತುಂಬಿಸುವುದು. ಆಮೇಲೆ ಲೆಕ್ಕ. ಕಾಗದ ಮಡಚಿ ಅಂಟು ನೆಕ್ಕಿ ಮುಚ್ಚಿದ ಮೇಲೆ ಹುಡುಗರ ಮುಖ ಬೆಳಗುತ್ತಿತ್ತು ಎಂದರು. ಇಲ್ಲಿಗೆ ಕಥೆ ಮುಗಿಯಿತೆಂದು ನಾನು ಎದ್ದೆ. ಅವರು ಮುಂದುವರಿಸಿದರು.

‘ಒಂದು ಸಲ ನನ್ನ ಜೋಳಿಗೆಯಲ್ಲೇ ಏಳೆಂಟು ಕಾಗದ ಉಳಿದುಹೋಯ್ತು. ಮೂರು ದಿನ ಡಬ್ಬಿಗೆ ಹಾಕ್ಲಿಕ್ಕೆ ಮರೆತೆ. ಅವಕ್ಕೆ ಹೇಗೆ ಗೊತ್ತಾಯ್ತೋ! ಆಮೇಲೆ ಪ್ರತಿದಿನ ಬಂದ ಕೂಡಲೇ ಒಂದೇ ಪ್ರಶ್ನೆ, ಮಾಸ್ತರ್ರೇ, ಹಾಕಿದ್ರಾ? ಪಾಠದ ನಡುವೆ ಕೂಡ ಒಬ್ಬನಾದರೂ ಕೇಳುವವನೇ. ನಾನು ಬರೆದುಕೊಟ್ಟರೆ ಸಾಕಾಗ್ಲಿಲ್ಲ ಅವರಿಗೆ. ಕೊನೆಗೆ ಎಂತ ಮಾಡಿದೆ, ಕಾಗದ ಬರೆದ ದಿನ ಅವರನ್ನೇ ಕರ್ಕೊಂಡು ರಸ್ತೆ ತುದಿಯ ಕೆಂಪು ಡಬ್ಬಿಯವರೆಗೆ ಹೋಗುವುದು. ಅವರ ಕೈಯಲ್ಲೇ ಹಾಕಿಸುವುದು. ಕಾಗದ ಒಳಗೆ ಬಿದ್ದ ಸದ್ದು ಕೇಳ್ಬೇಕು ಅವಕ್ಕೆ.’

ನಾನು ಏನೂ ಹೇಳಲಿಲ್ಲ. ಅವರು ಇದನ್ನು ನನಗಾಗಿ ಹೇಳಿದ್ದಲ್ಲ, ನನ್ನ ನೋಟ್‌ಬುಕ್ಕಿನ ವಿಷಯ ಅವರಿಗೆ ಗೊತ್ತೂ ಇರಲಿಲ್ಲ. ಮೆಟ್ಟಿಲಿಳಿದು ಸ್ಟೇಶನ್ನಿಗೆ ಬಂದೆ. ಕಲ್ಯಾಣದ ಕಡೆಯ ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಕೂತು ತಂಗಿಗೆ ಫೋನ್ ಮಾಡಿದೆ. ‘ಅಕ್ಕಾ?’ ಎಂದಳು, ಏನೋ ಆಗಿದೆ ಎನ್ನುವ ದನಿಯಲ್ಲಿ. ಏನಿಲ್ಲ, ನೀನು ಏನೋ ಹೇಳ್ಲಿಕ್ಕುಂಟು ಅಂದಿದ್ದೆಯಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅದು ಜುಲೈಯಲ್ಲಿ’ ಎಂದಳು.

ಮೂರು ಗಾಡಿ ಬಂದು ಹೋದವು. ನನ್ನ ತಲೆಯೊಳಗಿನ ಜಗಲಿಯಲ್ಲಿ ಅವಳು ಆಡುತ್ತಿದ್ದ ಮಾತುಗಳಲ್ಲಿ ಒಂದನ್ನೂ ಅವಳು ಆಡಲಿಲ್ಲ. ದುಡ್ಡಿನ ಮಾತೇ ಬರಲಿಲ್ಲ. ಜುಲೈಯಲ್ಲಿ ಅವಳಿಗೆ ಬೇಕಾಗಿದ್ದದ್ದು ಹತ್ತು ದಿನದ ನಿದ್ದೆ. ಅಮ್ಮನನ್ನು ನೋಡಿಕೊಳ್ಳಲು ನಾನು ಬರಬಹುದೇ ಎಂದು ಕೇಳುವವಳಿದ್ದಳು. ನಾನು ಫೋನ್ ಮಾಡಲಿಲ್ಲ, ಅವಳು ಹಾಗೇ ದಾಟಿಸಿದಳು. ಅದರ ಬಗ್ಗೆ ದೂರು ಹೇಳಲಿಲ್ಲ, ಹೇಳಿದ್ದರೆ ನನಗೆ ವಾದ ತಯಾರಿತ್ತು.

ಈಗ ನೋಟ್‌ಬುಕ್ ಇಲ್ಲ, ಒಂದು ಚೀಟಿ ಸಾಕು. ಪಕ್ಕದಲ್ಲಿ ಹೊತ್ತು ಬರೆಯುತ್ತೇನೆ, ಆ ಹೊತ್ತಿಗೆ ಪೆನ್ಸಿಲ್ ಕೆಳಗಿಡುತ್ತೇನೆ. ದಿನವೂ ಆಗುತ್ತದೆಂದು ಹೇಳಲಾರೆ. ಕೆಲವು ಯೋಚನೆಗಳಿಗೆ ಚೀಟಿಯಲ್ಲಿ ಜಾಗವಿಲ್ಲ, ಹೊತ್ತು ಗೊತ್ತು ಮಾಡಲೂ ಬರುವುದಿಲ್ಲ. ಅಂಥ ರಾತ್ರಿ ನಾನು ಪ್ರೂಫ್ ಕಟ್ಟಿಡುತ್ತೇನೆ. ಇವತ್ತು ಸಾಧ್ಯವಿಲ್ಲ, ನಾಳೆ ಕೊಡುತ್ತೇನೆ ಎಂದು ಪ್ರೆಸ್ಸಿಗೆ ಹೇಳಲು ಕಲಿತಿದ್ದೇನೆ. ಮೂವತ್ತು ವರ್ಷದಲ್ಲಿ ಆಡದಿದ್ದ ಮಾತು ಅದು.

ಈ ಮಳೆಗಾಲ ಅಮ್ಮ ಡೊಂಬಿವಲಿಯಲ್ಲಿದ್ದಾರೆ. ರಾತ್ರಿ ಎರಡು ಸಲ ಎಬ್ಬಿಸುವುದು ಏನೆಂದು ನನಗೂ ಗೊತ್ತಾಗಿದೆ. ನಾನು ಮೇಜಿನ ಹತ್ತಿರ ಕೂತರೆ ಅವರು ಮಂಚದ ಮೇಲೆ ಹತ್ತಿ ಹಿಡಿದು ಬತ್ತಿ ಹೊಸೆಯುತ್ತ ಇರುತ್ತಾರೆ. ಹಿಂದೆ ಪ್ರೆಸ್ಸುಗಳಲ್ಲಿ ಒಬ್ಬ ಓದುತ್ತ, ಇನ್ನೊಬ್ಬ ನೋಡುತ್ತ ಪ್ರೂಫ್ ತಿದ್ದುತ್ತಿದ್ದರು. ಅಮ್ಮನಿಗೆ ಅಕ್ಷರ ಕಾಣುವುದಿಲ್ಲ, ಹಾಗಾಗಿ ಹೆಸರಿನ ಪಟ್ಟಿಗಳು ಬಂದಾಗ ನಾನೇ ಗಟ್ಟಿಯಾಗಿ ಓದುತ್ತೇನೆ, ಅವರು ಕೇಳುತ್ತಾರೆ. ಮೊನ್ನೆ ಇನ್ನೊಂದು ಸಂಘದ ಸಂಚಿಕೆಯ ಅಂಥದೊಂದು ಪಟ್ಟಿ. ಒಂದೊಂದು ಹೆಸರು ಓದಿದಾಗಲೂ ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು, ‘ಅವರು ಇದ್ದಾರಾ?’ ನಾನು ಬೆರಳನ್ನು ತಲೆಬರಹಕ್ಕೆ ಒಯ್ದು ನೋಡಿ, ‘ಇದ್ದಾರಮ್ಮಾ’ ಎಂದು ಹೇಳಿ, ಮುಂದಿನ ಹೆಸರಿಗೆ ಇಳಿಯುತ್ತಿದ್ದೆ.